ಗೌನಿನ ಮೇಲೆ ಆರು ನೆರಿಗೆ

ಹೆತ್ತವರು ಇಟ್ಟ ಹೆಸರು ಒಂದು ಇದ್ದೇ ಇತ್ತು. ಆದರೆ ಹೊಲಿಗೆ ಅಂಗಡಿ ಸೇರಿದ ಮೇಲೆ ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು. ಬೀದಿಯವರ ಬಾಯಲ್ಲಿ ಅವಳು ಕಾಜಕ್ಕ. ಅಂಗಿಯ ಗುಂಡಿ ತೂರಿಸುವುದಕ್ಕೆ ಒಂದು ಸೀಳು ಬೇಕಲ್ಲ, ಅದರ ಸುತ್ತ ಒತ್ತೊತ್ತಾಗಿ ದಾರ ಸುತ್ತಿ ಹೊಲಿಯಬೇಕಲ್ಲ, ಅದಕ್ಕೆ ಕಾಜ ಅಂತ ಹೆಸರು. ಅವಳು ಹಾಕಿದ ಕಾಜ ನೋಡಿದರೆ ಇರುವೆ ಸಾಲು ನೋಡಿದ ಹಾಗಿರುತ್ತಿತ್ತು. ಒಂದು ಎಳೆ ಹಿಂದಿಲ್ಲ, ಒಂದು ಎಳೆ ಮುಂದಿಲ್ಲ. ಈಗ ಅದಕ್ಕೂ ಮಿಷನ್ ಬಂದಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಕಾಜ ಹಾಕಿ ಬಿಸಾಡುತ್ತದೆ. ಎರಡು ಸಲ ಒಗೆದರೆ ದಾರ ಹೊರಗೆ ಬಂದು ಹಲ್ಲು ಕಿರಿಯುತ್ತದೆ. ಇರಲಿ, ಈಗಿನ ಬಟ್ಟೆಯ ಮಾತು ಶುರುಮಾಡಿದರೆ ಕಾಜಕ್ಕನ ಮಾತು ಉಳಿದುಹೋಗುತ್ತದೆ.

ಅಂಗಡಿ ಇದ್ದದ್ದು ಮೂರು ಮೆಟ್ಟಿಲು ಹತ್ತಿ ಹೋಗುವ ಒಂದು ಉದ್ದನೆಯ ಕೋಣೆಯಲ್ಲಿ. ಮುಂದೆ ಗಾಜಿನ ಬಾಗಿಲು, ಗೋಡೆಯುದ್ದಕ್ಕೂ ನಾಲ್ಕು ಕಾಲುಮಿಷನ್‌ಗಳು, ನಡುವೆ ಮಂಚದಷ್ಟು ದೊಡ್ಡ ಕತ್ತರಿಸುವ ಮೇಜು. ಹಿಂದಿನ ಕಿಟಕಿಯ ಹತ್ತಿರ ಇಸ್ತ್ರಿ. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಾಗ ಏಳುವ ಆವಿಯ ವಾಸನೆ ಇದೆಯಲ್ಲ, ಅದು ಕಾಜಕ್ಕನಿಗೆ ಇವತ್ತಿಗೂ ಎಲ್ಲಿಯಾದರೂ ಮೂಗಿಗೆ ಬಡಿದರೆ ಕಾಲು ತಾನಾಗಿ ನಿಂತುಬಿಡುತ್ತದೆ. ಆ ಅಂಗಡಿ ಈಗಿಲ್ಲ. ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಅಂಗಡಿಯ ಯಜಮಾನರು ಕಟಿಂಗ್ ಮಾಸ್ತರು. ಎಪ್ಪತ್ತಕ್ಕೆ ಹತ್ತಿರದ ವಯಸ್ಸು, ಕತ್ತಿನ ಸುತ್ತ ಸದಾ ಟೇಪು, ಕಿವಿಯ ಮೇಲೆ ಸದಾ ಸೀಮೆಸುಣ್ಣದ ಬಿಲ್ಲೆ. ನಾಲ್ಕು ಮಿಷನ್‌ಗಳ ಗಡಗಡದಲ್ಲಿ ಯಾರು ಏನು ಹೇಳಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಮಾಸ್ತರು ಒಂದು ಪದ್ಧತಿ ಮಾಡಿದ್ದರು: ಬಾಯಲ್ಲಿ ಹೇಳುವಂತಿಲ್ಲ, ಏನಿದ್ದರೂ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಕತ್ತರಿಗುರುತು ಹಾಕಿದರೆ ಅಲ್ಲೊಂದು ಗುಂಡಿ. ಸೊನ್ನೆ ಹಾಕಿದರೆ ಜೇಬು. ಸಣ್ಣ ನೆಟ್ಟನೆಯ ಗೆರೆ ಎಳೆದರೆ ಅಲ್ಲೊಂದು ನೆರಿಗೆ, ಬಟ್ಟೆಯನ್ನು ಒಂದಿಷ್ಟು ಮಡಿಸಿ ಮೇಲೆ ಹೊಲಿಗೆ ಹಾಕುವುದು. ಹತ್ತೊಂಬತ್ತು ವರ್ಷ ಆ ಪದ್ಧತಿ ತಪ್ಪಿರಲಿಲ್ಲ. "ಮಾತು ಗಾಳಿಗೆ ಹೋಗುತ್ತೆ, ಗೆರೆ ಎಲ್ಲಿಗೂ ಹೋಗಲ್ಲ" ಅನ್ನುತ್ತಿದ್ದರು.

ಕಾಜಕ್ಕನಿಗೆ ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದ ದಿನಗಳು ಅವು. ಹೊಟ್ಟೆ ಎಷ್ಟು ಮುಂದಕ್ಕೆ ಬಂದಿತ್ತೆಂದರೆ, ಮಿಷನ್ ಮುಂದೆ ಕೂತರೆ ಕೈ ಸೂಜಿಯವರೆಗೆ ಮುಟ್ಟುತ್ತಿರಲಿಲ್ಲ. ತನ್ನ ಕಾಲು ತಾನು ನೋಡಿ ತಿಂಗಳ ಮೇಲಾಗಿತ್ತು. ಆ ಕಾಲೋ, ಊದಿ ಊದಿ, ಅವಳ ಚಪ್ಪಲಿ ಒಂದೂ ಹಿಡಿಸದೆ, ಇಸ್ತ್ರಿ ಮಾಡುವ ತಾತನ ಹಳೇ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಳು. ಚಹಾ ಕುಡಿಯುವಾಗ ಲೋಟವನ್ನು ಹೊಟ್ಟೆಯ ಮೇಲೇ ಇಟ್ಟುಕೊಳ್ಳುತ್ತಿದ್ದಳು. ಒಳಗಿನದು ಒದ್ದರೆ ಲೋಟ ಕುಲುಕುತ್ತಿತ್ತು, ಅಂಗಡಿಯವರೆಲ್ಲ ನಗುತ್ತಿದ್ದರು. ಯಾರನ್ನೇ ಆದರೂ ಬಾಗಿಲಲ್ಲಿ ನೋಡಿದ ಕೂಡಲೇ ಸೊಂಟದ ಅಳತೆ ಇಂಚು ತಪ್ಪದೆ ಹೇಳುತ್ತಿದ್ದ ಮಾಸ್ತರು, ಇವಳನ್ನು ನೋಡಿ ಮಾತ್ರ ಕೈಮುಗಿದಿದ್ದರು.

"ನಿಂದು ನನ್ನ ಕೈಲಿ ಆಗಲ್ಲ ತಂಗಿ. ಬೆಳಿಗ್ಗೆ ಒಂದು ಅಳತೆ, ಸಂಜೆ ಒಂದು ಅಳತೆ."

"ಟೇಪು ಸಾಲಲ್ಲ ಅಂತ ನೇರವಾಗಿ ಹೇಳಿ ಮಾಸ್ತರೇ."

"ನಾನು ಹೇಳ್ಲಿಲ್ಲ. ನೀನೇ ಹೇಳ್ದೆ."

ಮನೆಯಲ್ಲಿ ಅವಳ ಜೊತೆ ಇದ್ದವರು ಅತ್ತೆ. ಗಂಡ ಗೂಡ್ಸ್ ರೈಲಿನ ಗಾರ್ಡ್, ಹೋದರೆ ಮೂರು ದಿನ ನಾಲ್ಕು ದಿನ ಮುಖ ಕಾಣುತ್ತಿರಲಿಲ್ಲ. ಅತ್ತೆಯ ಬಾಯಿ ಬಲು ಚುರುಕು. ಕಾಜಕ್ಕನಿಗೆ ಎದೆಯುರಿ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಮಗ್ಗುಲು ಬದಲಿಸಬೇಕೆಂದರೆ ಮೊದಲು ಹೊಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಆ ಕಡೆ ಇಡಬೇಕು, ಆಮೇಲೆ ತಾನು ಹೋಗಬೇಕು. ಅವಳ ಮಂಚ ಕಿರ್ ಅಂದರೆ ಸಾಕು, ಪಕ್ಕದ ಕೋಣೆಯಿಂದ ಅತ್ತೆ:

"ಏನೇ, ಮನೆ ಸಾಮಾನೆಲ್ಲ ಸಾಗಿಸ್ತಿದ್ದೀಯಾ?"

"ಮಗ್ಗುಲು ಬದಲಿಸ್ತಿದ್ದೀನಿ ಅತ್ತೆ."

"ಮೊದಲೇ ಹೇಳಬಾರ್ದಾ, ನಾನು ಗೋಡೆ ಹಿಡ್ಕೊಳ್ತಿದ್ದೆ."

ಹೀಗೆ ಮಾತಿಗೆ ಮಾತು. ಆದರೆ ಬೆಳಗಾದರೆ ಅವಳ ತಲೆದಿಂಬಿನ ಪಕ್ಕ ಇನ್ನೊಂದು ದಿಂಬು ಬಂದಿರುತ್ತಿತ್ತು. ಐದು ದಿನಕ್ಕೆ ಮನೆಯಲ್ಲಿದ್ದ ದಿಂಬೆಲ್ಲ ಕಾಜಕ್ಕನ ಮಂಚದ ಮೇಲೆ, ಅತ್ತೆ ಮಡಿಸಿದ ಕಂಬಳಿಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಅದರ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚಲಿಲ್ಲ.

ಇನ್ನೊಂದು ವಿಷಯದ ಬಗ್ಗೆಯೂ ಆ ಮನೆಯಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಇದು ಕಾಜಕ್ಕನ ಮೊದಲ ಬಸಿರಲ್ಲ. ಎರಡು ವರ್ಷದ ಹಿಂದೆ ಒಂದು ಆಗಿತ್ತು, ಏಳನೇ ತಿಂಗಳಲ್ಲಿ ಹೋಯಿತು. ಅದು ಶಾಲೆ ಶುರುವಾಗುವ ಕಾಲ, ಅಂಗಡಿಯಲ್ಲಿ ಯೂನಿಫಾರಮ್ಮಿನ ಗುಡ್ಡೆ. ಬೆಳಗಿನಿಂದ ಸಂಜೆಯವರೆಗೆ ತಲೆಯೆತ್ತದೆ ಕಾಜ ಹಾಕಿದ್ದೇ ಹಾಕಿದ್ದು. ಆಸ್ಪತ್ರೆಯ ನರ್ಸಮ್ಮ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು, ಕಿವಿ ಹಚ್ಚಿ, ಅಲ್ಲಿಟ್ಟು ಇಲ್ಲಿಟ್ಟು, ಮತ್ತೆ ಅಲ್ಲಿಟ್ಟು, ಕೊನೆಗೆ ಕೇಳಿದ್ದರು: "ಮಗು ಕಡೇ ಸಲ ಯಾವಾಗ ಅಲುಗಾಡ್ತು?" ಕಾಜಕ್ಕನಿಗೆ ಗೊತ್ತಿರಲಿಲ್ಲ. ನಿನ್ನೆಯೋ, ಮೊನ್ನೆಯೋ. ಗೊತ್ತಿದ್ದರೆ ಉಳಿಯುತ್ತಿತ್ತು ಅಂತ ಯಾರೂ ಹೇಳಲಿಲ್ಲ; ನರ್ಸಮ್ಮ ಹಾಗಲ್ಲ ಅಂತಲೇ ಬಿಡಿಸಿ ಹೇಳಿದರು. ಆದರೂ ಆ ಪ್ರಶ್ನೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ತನ್ನ ಹೊಟ್ಟೆಯೊಳಗಿನದು ತನಗೇ ಗೊತ್ತಾಗಲಿಲ್ಲವಲ್ಲ.

ಅದಕ್ಕೇ ಈ ಸಲ ಏಳು ದಾಟಿದ ಕೂಡಲೇ ಅವಳಾಗಿಯೇ ನರ್ಸಮ್ಮನ ಹತ್ತಿರ ಹೋಗಿ, "ಏನು ಮಾಡ್ಲಿ ಹೇಳಿ" ಅಂದಳು. ನರ್ಸಮ್ಮ ದೊಡ್ಡ ಮೈಯವರು, ಸಣ್ಣ ದನಿಯವರು. "ಬೆಳಿಗ್ಗೆ ಎದ್ದಾಗಿಂದ ದೀಪ ಹಚ್ಚೋ ಹೊತ್ತಿಗೆ ಹತ್ತು ಸಲವಾದ್ರೂ ಅಲುಗಾಡ್ಬೇಕು. ಒದ್ರೂ ಸರಿ, ಹೊರಳಿದ್ರೂ ಸರಿ. ಹತ್ತು ಆಗ್ಲಿಲ್ಲ ಅಂದ್ರೆ ಬಟ್ಟೆ ಕೂಡ ಬದಲಾಯಿಸ್ಬೇಡ, ಇದ್ದ ಹಾಗೇ ಬಾ" ಅಂದರು.

ಸರಿ, ಲೆಕ್ಕ ಶುರುವಾಯಿತು. ಆದರೆ ಲೆಕ್ಕ ಇಡುವುದು ಹೇಗೆ? ಕಾಜ ಹಾಕುವವಳು ಮನಸ್ಸಿನಲ್ಲಿ ಎಳೆ ಎಣಿಸುತ್ತಿರುತ್ತಾಳೆ. ಹದಿನೇಳು, ಹದಿನೆಂಟು ಅನ್ನುವಾಗ ಒಳಗಿಂದ ಒಂದು ಒದೆ ಬಿದ್ದರೆ ಎಳೆಯೂ ಹೋಯಿತು, ಒದೆಯೂ ಹೋಯಿತು. ಎರಡು ದಿನ ಹೀಗೆ ಎಡವಟ್ಟಾದ ಮೇಲೆ ಅವಳೇ ಒಂದು ಉಪಾಯ ಕಂಡುಕೊಂಡಳು. ಮೊಣಕಾಲ ಮೇಲೆ ಒಂದು ಹಳೇ ಚಿಂದಿ ಕಟ್ಟಿಕೊಳ್ಳುವುದು. ಒದ್ದಾಗೆಲ್ಲ ಎಣಿಸದೆ, ಯೋಚಿಸದೆ, ಸೀಮೆಸುಣ್ಣದಲ್ಲಿ ಒಂದು ಗೆರೆ. ಸಂಜೆ ಗೆರೆ ಎಣಿಸಿದರೆ ಆಯಿತು. ತಲೆ ಕಾಜಕ್ಕೆ, ಮೊಣಕಾಲು ಮಗುವಿಗೆ.

ಆ ವಾರಗಳ ಬಗ್ಗೆ ಹೇಳುವಾಗ ಕಾಜಕ್ಕನ ಮುಖ ಈಗಲೂ ಬೆಳಗುತ್ತದೆ. ಮಿಷನ್‌ಗಳು ಗಡಗಡ ಅನ್ನುತ್ತಿರುವವರೆಗೆ ಒಳಗಿನದು ತೊಟ್ಟಿಲಲ್ಲಿದ್ದ ಹಾಗೆ ಸುಮ್ಮನಿರುತ್ತಿತ್ತಂತೆ. ಮಿಷನ್ ನಿಂತಿತೋ, ಯಾಕೆ ನಿಲ್ಲಿಸಿದಿರಿ ಅಂತ ಒಂದು ಒದೆ. ದಿನಕ್ಕೊಂದು ಸಲ ಬಿಕ್ಕಳಿಕೆ. ಬಿಕ್ಕಳಿಕೆ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಅಂತ ಅಂಗಡಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಚರ್ಚೆಯಾಯಿತು. ಇಸ್ತ್ರಿ ತಾತ ಸೇರುತ್ತದೆ ಅಂದರು, ಮಾಸ್ತರು ಸೇರುವುದಿಲ್ಲ ಅಂದರು. ಇಬ್ಬರೂ ಹೆತ್ತವರಲ್ಲ, ಆದರೂ ವಕೀಲರ ಹಾಗೆ ವಾದ. ಹನ್ನೆರಡು ಗಂಟೆಗೆಲ್ಲ ಹತ್ತು ಗೆರೆ ತುಂಬಿಬಿಡುತ್ತಿತ್ತು. ಒಂದು ದಿನ ಇಪ್ಪತ್ತಾರು.

"ಹುಟ್ಟೋಕ್ಮುಂಚೆನೇ ಇಷ್ಟು ಓಡಾಡ್ತಿದೆ. ಅಪ್ಪನ ಹಾಗೆ ರೈಲು ಹತ್ತುತ್ತೆ ನೋಡು" ಅಂತ ಅತ್ತೆ.

ಹಾಗಿರುವಾಗ ಒಂದು ಬುಧವಾರ. ಹಿಂದಿನ ದಿನ ಅತ್ತೆ ಆ ಚಿಂದಿಯನ್ನು ಕೊಳಕಾಗಿದೆ ಅಂತ ಒಗೆದು ಹಗ್ಗದ ಮೇಲೆ ಹಾಕಿದ್ದರು. ಕಾಜಕ್ಕ ಅದನ್ನು ಮರೆತು ಅಂಗಡಿಗೆ ಬಂದಳು. ಮಿಷನ್ ಕೆಲಸ ಬಿಡಿಸಿ ಮಾಸ್ತರು ಅವಳಿಗೆ ಕೈಹೊಲಿಗೆ ಮಾತ್ರ ಕೊಡುತ್ತಿದ್ದ ದಿನಗಳವು. ಅವತ್ತು ಅವಳ ತೊಡೆಯ ಮೇಲೆ ಇದ್ದದ್ದು ಲೈಬ್ರರಿ ಮೇಡಮ್ಮಿನ ಬೂದುಬಣ್ಣದ ಗೌನಿನ ಮುಂಭಾಗ, ಕುತ್ತಿಗೆಯ ಅಂಚು ಮಡಿಸಿ ಹೊಲಿಯಬೇಕಿತ್ತು. ಲೈಬ್ರರಿ ಮೇಡಂ ಅಂದರೆ ಅಂಗಡಿಯ ಎದುರು ಸಾಲಿನಲ್ಲಿದ್ದ ಪುಸ್ತಕಾಲಯವನ್ನು ನೋಡಿಕೊಳ್ಳುತ್ತಿದ್ದವರು. ಅಲಂಕಾರ ಅಂದರೆ ಆಗದು. "ಸಾದಾ ಇರಲಿ, ಸಾದಾ" ಅಂತ ಮೂರು ಸಲ ಹೇಳಿ ಹೋಗಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಒದೆ. ಮೊಣಕಾಲ ಮೇಲೆ ಚಿಂದಿ ಇಲ್ಲ. ಕಾಜಕ್ಕ ಕೈಗೆ ಸಿಕ್ಕಿದ ಸೀಮೆಸುಣ್ಣ ತೆಗೆದು ಗೌನಿನ ಎದೆಯ ಭಾಗದಲ್ಲೇ ಒಂದು ಗೆರೆ ಎಳೆದಳು. ಸಂಜೆ ಬ್ರಷ್ ಹೊಡೆದರೆ ಹೋಗುತ್ತದೆ ಅಂದುಕೊಂಡಳು. ಇನ್ನೊಂದು ಒದೆ, ಅದರ ಪಕ್ಕ ಇನ್ನೊಂದು ಗೆರೆ. ಮೊದಲಿಂದ ಓರಣದ ಕೈ ಅಲ್ಲವೇ, ಗೆರೆಗಳು ಸಾಲಾಗಿ ಸಮನಾಗಿ ಬಂದವು. ಅವತ್ತು ಮಗು ಸ್ವಲ್ಪ ಮಂಕಾಗಿತ್ತು ಅನ್ನುವುದು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಎಣಿಸಲಿಲ್ಲ. ಎಣಿಸಬಾರದು ಅನ್ನುವುದೇ ಅವಳ ನಿಯಮ.

ಊಟವಾಯಿತು. ಒಂಬತ್ತು ತಿಂಗಳ ನಿದ್ದೆ ಹೇಗಿರುತ್ತದೆ ಅಂತ ಹೊತ್ತವರಿಗೇ ಗೊತ್ತು. ಮಲಗಬೇಕಾದಾಗ ಬರುವುದಿಲ್ಲ, ಕೂತಲ್ಲಿ ನಿಂತಲ್ಲಿ ಬಂದು ಮೇಲೆ ಬೀಳುತ್ತದೆ. ಸೂಜಿ ಕೈಯಲ್ಲೇ ಇತ್ತು, ಕಾಜಕ್ಕ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆಹೋದಳು.

ಮಾಸ್ತರು ನೋಡಿದರು. ಪಾಪ ಅನ್ನಿಸಿತು. ಬೆರಳುಗಳ ನಡುವಿನಿಂದ ಸೂಜಿಯನ್ನು ಮೆಲ್ಲಗೆ ಬಿಡಿಸಿದರು, ತೊಡೆಯ ಮೇಲಿನ ಗೌನನ್ನು ಎತ್ತಿಕೊಂಡರು, ಮಿಷನ್‌ನವರಿಗೆಲ್ಲ ಅರ್ಧ ಗಂಟೆ ಸುಮ್ಮನಿರಿ ಅಂತ ಕೈಸನ್ನೆ ಮಾಡಿದರು. ಇವಳ ಕೆಲಸ ಇವತ್ತು ನಾನೇ ಮುಗಿಸಿಬಿಡೋಣ, ಎದ್ದಮೇಲೆ ಮನೆಗೆ ಕಳಿಸೋಣ ಅಂತ ಅವರ ಮನಸ್ಸು. ಬಟ್ಟೆ ಬಿಡಿಸಿ ಮೇಜಿನ ಮೇಲೆ ಹರಡಿದರೆ ಎದೆಯ ಮೇಲೆ ನೆಟ್ಟನೆಯ ಗೆರೆಗಳು. ಓಹೋ, ಮೇಡಂ ಬಂದು ನೆರಿಗೆ ಬೇಕು ಅಂತ ಹೇಳಿ ಹೋಗಿದ್ದಾರೆ, ಕಾಜಕ್ಕ ಗುರುತು ಹಾಕಿದ್ದಾಳೆ ಅಂದುಕೊಂಡರು. ಮಾತಿಗಿಂತ ಗೆರೆ ದೊಡ್ಡದು ಅಂತ ಅವರೇ ಹತ್ತೊಂಬತ್ತು ವರ್ಷ ಕಲಿಸಿದ ಪಾಠ. ಹೊಲಿದರು. ಇಸ್ತ್ರಿ ತಾತ ಬ್ರಷ್ ಹೊಡೆದು, ನೀರು ಚಿಮುಕಿಸಿ, ಇಸ್ತ್ರಿ ತಿಕ್ಕಿದರು. ಮೂರೂಕಾಲಿಗೆ ಮೇಡಂ ಬಂದು ಕಾಗದದ ಪೊಟ್ಟಣ ತೆಗೆದುಕೊಂಡು ಹೋದರು.

ಕಾಜಕ್ಕ ಎದ್ದದ್ದು ಮೂರೂವರೆಗೆ. ತೊಡೆಯ ಮೇಲೆ ಏನೂ ಇಲ್ಲ.

"ಗೌನೆಲ್ಲಿ?"

"ಮುಗೀತು, ಹೋಯ್ತು. ನೆರಿಗೆ ಕೂಡ ನಾನೇ ಹಾಕ್ದೆ. ನೀನಿನ್ನು ಮನೆಗೆ ಹೋಗು" ಅಂದರು ಮಾಸ್ತರು, ಏನೋ ಉಡುಗೊರೆ ಕೊಟ್ಟವರ ಹಾಗೆ.

"ಯಾವ ನೆರಿಗೆ?"

"ನೀನು ಗೆರೆ ಎಳೆದಿದ್ಯಲ್ಲ, ಎದೆ ಮೇಲೆ."

"ಅದು ನೆರಿಗೆ ಅಲ್ಲ ಮಾಸ್ತರೇ. ಅದು ಮಗು."

ಆ ಮಾತು ಅರ್ಥವಾಗುವುದಕ್ಕೆ ಮಾಸ್ತರಿಗೆ ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತುಬಿಟ್ಟರು. ಎಷ್ಟು ಗೆರೆ ಇತ್ತು ಅಂತ ಕೇಳಿದರೆ, "ಐದೋ ಆರೋ ಏಳೋ" ಅಂದರು. ದಿನಕ್ಕೆ ಮೂವತ್ತು ಬಟ್ಟೆ ಕೈಯಲ್ಲಿ ಹಾದುಹೋಗುವ ಮನುಷ್ಯ ಅವರು.

ಕಾಜಕ್ಕ ಕಾದಳು. ನಾಲ್ಕಕ್ಕೆ ಒಂದು ಸಲ ಅಲುಗಾಡಿತು. ಆಮೇಲೆ ಇಸ್ತ್ರಿ ತಾತ ತಂದುಕೊಟ್ಟ ತಣ್ಣನೆಯ ಹಾಲು ಕುಡಿದ ಮೇಲೆ ಇನ್ನೊಂದು. ಐದಕ್ಕೆ ಹತ್ತು ನಿಮಿಷ ಇರುವಾಗ ಮತ್ತೊಂದು, ಅದೂ ಒದೆಯಲ್ಲ, ಸುಮ್ಮನೆ ಜರುಗಿದ ಹಾಗೆ. ಮೂರಾಯಿತು. ಬೆಳಗಿನದು ಏಳಿದ್ದರೆ ಹತ್ತು ಆಗುತ್ತದೆ, ನಿರಾಳ. ಐದಿದ್ದರೆ ಎಂಟು.

ಅಷ್ಟು ಹೆದರಿಕೆಯಿದ್ದರೆ ನೆಟ್ಟಗೆ ಆಸ್ಪತ್ರೆಗೆ ಹೋಗಬಾರದಿತ್ತೇ ಅಂತ ಯಾರಾದರೂ ಕೇಳಿಯಾರು. ಹೆದರಿಕೆ ಇದ್ದದ್ದೇ ಆಸ್ಪತ್ರೆಯದು. ಆ ಮಂಚ, ಆ ಮರದ ಕೊಳವೆ, ಅಲ್ಲಿಟ್ಟು ಇಲ್ಲಿಟ್ಟು ನರ್ಸಮ್ಮ ಮಾತಾಡದೆ ಇದ್ದ ಆ ಹೊತ್ತು. ಹತ್ತು ತುಂಬಿತು ಅಂತ ಒಂದು ಗೆರೆ ಸಾಕ್ಷಿ ಹೇಳಿದರೆ ಅಲ್ಲಿಗೆ ಹೋಗುವುದು ತಪ್ಪುತ್ತಿತ್ತಲ್ಲ.

"ಮೇಡಂ ಮನೆಗೆ ಹೋಗಿ ಎಣಿಸಿ ಬರೋಣ" ಅಂದಳು.

ಇಬ್ಬರೂ ಹೊರಟರು. ಮಾಸ್ತರು ಅಂಗಡಿಯ ಬಾಗಿಲು ಎಳೆದುಕೊಂಡರು, ಕತ್ತಿನಲ್ಲಿ ಟೇಪು ಹಾಗೇ ಇತ್ತು. ಮೇಡಮ್ಮಿನ ಮನೆ ಎರಡು ಬೀದಿ ಆಚೆ, ಎರಡನೇ ಮಹಡಿ. ಕಾಜಕ್ಕ ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಹತ್ತಿದಳು. ಬಾಗಿಲು ತೆಗೆದ ಮೇಡಂ ಅದೇ ಗೌನು ತೊಟ್ಟಿದ್ದರು. ಕನ್ನಡಿಯ ಮುಂದಿನಿಂದ ಎದ್ದು ಬಂದವರ ಹಾಗೆ ಮುಖ ಕೆಂಪಾಗಿತ್ತು.

"ನಾನು ಸಾದಾ ಅಂದಿದ್ದೆ" ಅಂದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಪರವಾಗಿಲ್ಲ, ಚೆನ್ನಾಗೇ ಕಾಣ್ಸುತ್ತೆ. ಬಿಚ್ಚೋಕೆ ಬಂದ್ರಾ?"

"ಬಿಚ್ಚಲ್ಲ ಮೇಡಂ, ಎಣಿಸ್ಬೇಕು" ಅಂದರು ಮಾಸ್ತರು. "ಒಂಚೂರು ಬೆಳಕಿಗೆ ನಿಲ್ತೀರಾ?"

ಮೇಡಂ ಕಿಟಕಿಯ ಹತ್ತಿರ ನೆಟ್ಟಗೆ ನಿಂತರು, ಯಾಕೆ ಅಂತ ಕೇಳುವುದಕ್ಕೂ ಧೈರ್ಯವಿಲ್ಲದೆ. ಕಾಜಕ್ಕ ಬೆರಳು ಇಟ್ಟು ಎಣಿಸಿದಳು. ಒಂದು, ಎರಡು, ಮೂರು. ನಡುವೆ ಗುಂಡಿಯ ಪಟ್ಟಿ. ಆ ಕಡೆ ನಾಲ್ಕು, ಐದು, ಆರು.

ಆರು. ಆರಕ್ಕೆ ಮೂರು ಒಂಬತ್ತು.

"ಆರೇನಾ ಮಾಸ್ತರೇ? ಆರು ಗೆರೆ ಇತ್ತಾ?"

ಮಾಸ್ತರು ತಲೆ ಕೆರೆದುಕೊಂಡರು. ಅವರ ಮುಖ ನೋಡುತ್ತ ನೋಡುತ್ತ ಬಿಳಿಚಿಕೊಂಡಿತು. "ಇಲ್ಲ ತಂಗಿ. ಬೆಸ ಇತ್ತು. ಈಗ ನೆನಪಾಯ್ತು. ಬೆಸ ಇದ್ರೆ ನಡುವಿಂದು ಗುಂಡಿ ಪಟ್ಟಿ ಮೇಲೆ ಬಂದು ಕೂರುತ್ತೆ. ಅದಕ್ಕೆ ಸಮ ಮಾಡ್ದೆ."

"ಒಂದು ಕೂಡಿಸಿದ್ರಾ, ಒಂದು ಅಳಿಸಿದ್ರಾ?"

ಮಾಸ್ತರು ಮೇಡಮ್ಮಿನ ಮೇಜಿನ ಮೇಲಿದ್ದ ದಿನಪತ್ರಿಕೆ ಎಳೆದುಕೊಂಡು, ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು, ಕಣ್ಣು ಮುಚ್ಚಿ ಗೆರೆ ಎಳೆದು ನೋಡಿದರು, ಕೈಗಾದರೂ ನೆನಪಿದ್ದೀತು ಅಂತ. ಕೈ ಒಂದು ಸಲ ಗೆರೆ ಎಳೆಯಿತು, ಒಂದು ಸಲ ಹೆಬ್ಬೆರಳಿನಿಂದ ಅಳಿಸಿತು. ಎರಡೂ ಅಭ್ಯಾಸದ ಕೆಲಸವೇ. ಆ ಮುದಿಜೀವ ಅಷ್ಟು ಸೋತು ನಿಂತದ್ದನ್ನು ಕಾಜಕ್ಕ ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ನಾನು ಕೂಡಿಸೋನಲ್ಲ, ಬಟ್ಟೆ ಉಳಿಸೋನು. ಅಳಿಸೇ ಇರ್ತೀನಿ. ಏಳೇ ಇತ್ತು ಅಂತ ಇಟ್ಕೋ" ಅಂದರು. ಅವಳನ್ನು ಸಮಾಧಾನ ಮಾಡುವುದಕ್ಕೆ ಹೇಳಿದ ಮಾತು ಅಂತ ಮೂವರಿಗೂ ಗೊತ್ತಿತ್ತು.

ಕಾಜಕ್ಕ ಮೇಡಮ್ಮಿನ ಕುರ್ಚಿಯಲ್ಲಿ ಕೂತಳು. ಏಳು ಅಂತ ಇಟ್ಟುಕೊಂಡರೆ ಹತ್ತು. ಹತ್ತು ಅಂತ ಇಟ್ಟುಕೊಂಡರೆ ಮನೆಗೆ ಹೋಗಬಹುದು, ಮಲಗಬಹುದು. ಆರು ದಿಂಬು ಕಾಯುತ್ತಿವೆ. ಹೊಟ್ಟೆಯ ಮೇಲೆ ಕೈಯಿಟ್ಟಳು. ಒಳಗೆ ಅಲುಗಾಟವಿಲ್ಲ, ಗಟ್ಟಿಯಾಗಿ ಸುಮ್ಮನಿತ್ತು. ಎರಡು ವರ್ಷದ ಹಿಂದೆ ನಿನ್ನೆಯೋ ಮೊನ್ನೆಯೋ ಅಂತ ತಡವರಿಸಿದ ಅದೇ ನಾಲಿಗೆ ಈಗ ಏಳೋ ಐದೋ ಅನ್ನುತ್ತಿದೆ.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಲೇ" ಅಂದಳು. "ನಡೀರಿ ಮಾಸ್ತರೇ, ಆಸ್ಪತ್ರೆಗೆ."

ಬಸ್ ಸ್ಟಾಪು ಇದ್ದದ್ದು ಅವಳ ಮನೆಯ ಕೆಳಗೇ. ಕಿಟಕಿಯಲ್ಲಿ ಕೂತಿದ್ದ ಅತ್ತೆ, ಸೊಸೆ ಮನೆಯ ಮೆಟ್ಟಿಲು ಹತ್ತದೆ ಮಾಸ್ತರ ಜೊತೆ ಬಸ್ಸಿಗೆ ಕಾಯುತ್ತಿರುವುದನ್ನು ನೋಡಿದರು. ಏನು ಎತ್ತ ಅಂತ ಕೂಗಿ ಕೇಳಲಿಲ್ಲ. ಎರಡು ನಿಮಿಷದಲ್ಲಿ ಕೆಳಗಿದ್ದರು, ಒಂದು ಕಾಲಿಗೆ ಮನೆಯ ಚಪ್ಪಲಿ, ಒಂದು ಕಾಲಿಗೆ ಹೊರಗಿನದು.

"ಎಷ್ಟಾಯ್ತು?"

"ಗೊತ್ತಿಲ್ಲ ಅತ್ತೆ."

"ಹ್ಞೂಂ. ಮಾಸ್ತರೇ, ನೀವು ಮನೆಗೆ ಹೋಗಿ. ನಾನಿದ್ದೀನಿ."

ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ದಪ್ಪ ಮೀಸೆಯವನು ಕಣ್ಣು ಮುಚ್ಚಿ ನಿದ್ದೆಯ ನಾಟಕ ಮಾಡುತ್ತಿದ್ದ. ಅತ್ತೆ ಅವನ ಭುಜ ತಟ್ಟಿ ಸೊಸೆಯ ಕಡೆ ತೋರಿಸಿದರು. "ಎದ್ದೇಳಪ್ಪ. ಇಲ್ಲಿ ನಿಂತಿರೋರು ಇಬ್ಬರು."

ಇಬ್ಬರು. ಆ ಮಾತು ಕೇಳಿ ಕಾಜಕ್ಕನಿಗೆ ಕಣ್ಣು ತುಂಬಿ ಬಂತು. ಮುಖ ಕಿಟಕಿಗೆ ತಿರುಗಿಸಿಕೊಂಡಳು. ಹೊರಗೆ ಅಂಗಡಿಗಳು ಒಂದೊಂದಾಗಿ ದೀಪ ಹಚ್ಚುತ್ತಿದ್ದವು.

ಆಸ್ಪತ್ರೆಯಲ್ಲಿ ಅದೇ ಕೋಣೆ, ಅದೇ ಕಬ್ಬಿಣದ ಮಂಚ. ನರ್ಸಮ್ಮ ಕೈತೊಳೆದು ಬಂದು, "ಲೆಕ್ಕ ಎಷ್ಟು?" ಅಂದರು.

"ಗೊತ್ತಿಲ್ಲ. ಎಂಟೋ ಹತ್ತೋ. ಬಟ್ಟೆ ಮೇಲೆ ಬರೆದಿದ್ದೆ, ಹೊಲಿದುಬಿಟ್ರು."

ನರ್ಸಮ್ಮ ಇಂಥ ಮಾತು ಕೇಳಿದ್ದು ಅದೇ ಮೊದಲಿರಬೇಕು. ಆದರೂ ನಗಲಿಲ್ಲ. "ಗೊತ್ತಿಲ್ಲ ಅಂತ ಬಂದ್ಯಲ್ಲ, ಒಳ್ಳೇದು ಮಾಡ್ದೆ. ಮಲಕ್ಕೋ" ಅಂದರು.

ಮರದ ಕೊಳವೆ ತಣ್ಣಗೆ ಹೊಟ್ಟೆಯ ಮೇಲೆ ಕೂತಿತು. ನರ್ಸಮ್ಮ ಬಾಗಿ ಕಿವಿ ಹಚ್ಚಿದರು. ಒಂದು ಕಡೆ. ಎತ್ತಿ ಇನ್ನೊಂದು ಕಡೆ. ಕಾಜಕ್ಕ ಉಸಿರು ಹಿಡಿದಳು. ಕೊಳವೆ ಮತ್ತೆ ಎದ್ದಿತು, ಕೆಳಗೆ ಎಡಗಡೆ ಕೂತಿತು. ನರ್ಸಮ್ಮನ ಮುಖ ಆ ಕಡೆಗಿತ್ತು, ಬೆನ್ನು ಮಾತ್ರ ಕಾಣುತ್ತಿತ್ತು. ಅದೇ ಮೌನ. ಹೊರಗೆ ಯಾರೋ ಬಕೆಟ್ ಎಳೆದ ಸದ್ದು.

ಆಗ ಅವಳ ಕಣ್ಣು ನರ್ಸಮ್ಮನ ಎಡಗೈ ಮೇಲೆ ಬಿತ್ತು. ಮಂಚದ ಕಂಬಿಯ ಮೇಲೆ ಇಟ್ಟಿದ್ದ ಆ ಕೈಯ ತೋರುಬೆರಳು ಮೆಲ್ಲಗೆ ಬಡಿಯುವುದಕ್ಕೆ ಶುರುಮಾಡಿತ್ತು. ಟಕಟಕ ಟಕಟಕ. ಗಡಿಯಾರಕ್ಕಿಂತ ಬೇಗ, ಓಡಿ ಬಂದವರ ಎದೆಗಿಂತ ಬೇಗ. ನರ್ಸಮ್ಮ ಬಾಯಿ ಬಿಡುವ ಮೊದಲೇ ಆ ಬೆರಳು ಹೇಳಿಬಿಟ್ಟಿತು. ಕಾಜಕ್ಕ ಹಿಡಿದಿದ್ದ ಉಸಿರು ಬಿಟ್ಟಳು, ಅದು ಅಳುವಾಗಿ ಹೊರಗೆ ಬಂತು.

"ಚೆನ್ನಾಗಿದೆ ಕಣಮ್ಮ" ಅಂದರು ನರ್ಸಮ್ಮ ತಲೆಯೆತ್ತಿ. "ತಲೆ ಕೆಳಗಾಗಿದೆ, ಜಾಗ ಇಕ್ಕಟ್ಟಾಗಿದೆ. ಮೊದಲಿನ ಹಾಗೆ ಕುಣಿಯೋಕಾಗಲ್ಲ, ಹೊರಳುತ್ತೆ ಅಷ್ಟೆ. ಆದ್ರೂ ಈಗ್ಲೇ ಕಳಿಸಲ್ಲ. ಎಡಮಗ್ಗುಲಲ್ಲಿ ಒಂದು ಗಂಟೆ ಮಲಗಿ ಎಣಿಸು. ಬೆರಳಲ್ಲಿ ಎಣಿಸು, ಬಟ್ಟೆ ಮೇಲೆ ಬೇಡ."

ನರ್ಸಮ್ಮ ಹೋದರು. ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಕೇಳದೆ ಹೇಳದೆ ತಮ್ಮ ಅಂಗೈಯನ್ನು ಸೊಸೆಯ ಹೊಟ್ಟೆಯ ಮೇಲಿಟ್ಟರು. ಪಾತ್ರೆ ತೊಳೆದು ತೊಳೆದು ಒರಟಾದ ಅಂಗೈ, ಆದರೆ ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಒಳಗಿನದು ಜರುಗಿತು.

"ಒಂದು" ಅಂದರು ಅತ್ತೆ.

"ಒಂದು."

ಮತ್ತೆ ಸ್ವಲ್ಪ ಹೊತ್ತು. "ಇದು ಮೊಣಕೈ ಇರ್ಬೇಕು. ಎರಡು."

"ಎರಡು."

ನಾಲ್ಕಾದ ಮೇಲೆ ಅತ್ತೆ ಮುಖ ಆ ಕಡೆ ತಿರುಗಿಸಿದರು. ಕೈ ತೆಗೆಯಲಿಲ್ಲ. ಬಾಗಿಲ ಕಡೆ ನೋಡುತ್ತ, "ಆ ಸಲ ನಾನು ಒಳಗೆ ಬರ್ಲಿಲ್ಲ" ಅಂದರು. "ಆ ಬಾಗಿಲ ಹೊರಗೇ ನಿಂತಿದ್ದೆ. ಕೇಳಿಸ್ಕೊಂಡ್ರೆ ನಿಜ ಆಗ್ಬಿಡುತ್ತೆ ಅಂತ. ನಿನ್ನೊಬ್ಬಳನ್ನೇ ಬಿಟ್ಟೆ."

ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಹೊರಗೆ ಬಂದದ್ದು. ಕಾಜಕ್ಕ ಅತ್ತೆಯ ಕೈಯ ಮೇಲೆ ತನ್ನ ಕೈಯಿಟ್ಟಳು.

"ಅದಕ್ಕೆ ಕೂದಲು ಇತ್ತಾ?" ಅಂದರು ಅತ್ತೆ.

"ಇತ್ತು ಅತ್ತೆ. ಕಪ್ಪಗೆ. ನಿಮ್ಮ ಮಗನ ಹಾಗೆ ಸುಳಿ."

"ಎರಡು ಸುಳೀನಾ?"

"ಎರಡು."

"ಅವನು ಹುಟ್ಟಿದಾಗ್ಲೂ ಹಾಗೇ. ನೋಡಿ ನಮ್ಮಮ್ಮ ಏನಂದ್ರು ಗೊತ್ತಾ…" ಅಂತ ಅತ್ತೆ ಶುರುಮಾಡಿದರು. ಮಗನ ಸುಳಿಯಿಂದ ತಮ್ಮ ಹೆರಿಗೆಗೆ, ತಮ್ಮ ಹೆರಿಗೆಯಿಂದ ತಮ್ಮ ಅತ್ತೆಗೆ, ಅಲ್ಲಿಂದ ಆ ಕಾಲದ ಸೂಲಗಿತ್ತಿಯ ಕಿವುಡಿಗೆ. ಕಾಜಕ್ಕ ಅಳುತ್ತಲೇ ನಗುತ್ತಿದ್ದಳು. ನಕ್ಕಾಗೆಲ್ಲ ಹೊಟ್ಟೆ ಕುಲುಕುತ್ತಿತ್ತು, ಕುಲುಕಿದಾಗೆಲ್ಲ ಒಳಗಿನದು ಹೊರಳುತ್ತಿತ್ತು. ಇಬ್ಬರ ಕೈಯೂ ಅದರ ಮೇಲೇ ಇತ್ತು.

ಒಂದು ಗಂಟೆ ಕಳೆದು ನರ್ಸಮ್ಮ ಬಾಗಿಲಲ್ಲಿ ಇಣುಕಿ, "ಎಷ್ಟಾಯ್ತು?" ಅಂದರು.

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯೋ" ಅಂದರು ಅತ್ತೆ. "ನಾಲ್ಕರವರೆಗೆ ನಾನು ಎಣಿಸಿದ್ದೆ. ಆಮೇಲಿಂದು ಇವಳ ಲೆಕ್ಕ."

"ನಂದಲ್ಲ ಅತ್ತೆ, ನಾನು ನಿಮ್ಮ ಮಾತು ಕೇಳ್ತಿದ್ದೆ."

"ಹತ್ತು ದಾಟ್ತಾ ಇಲ್ವಾ?" ಅಂತ ನರ್ಸಮ್ಮ ಹುಬ್ಬು ಗಂಟಿಕ್ಕಿದರು.

"ದಾಟಿ ಎಷ್ಟೊತ್ತಾಯ್ತೋ" ಅಂದಳು ಕಾಜಕ್ಕ. ಅವಳ ಅಂಗೈಯ ಕೆಳಗೆ ಮಗು ಅಷ್ಟು ಹೊತ್ತಿಗೆ ಇನ್ನೊಂದು ಸಲ ಹೊರಳಿತು.